ಗಂಡ ಯಾರು ಅಂತ ಗೊತ್ತಾದ ಮೇಲೂ ನಿಲ್ಲದ ವಾದ

'ರಿಪ್ಲೈ 1988' ಎಂಬ ಕೊರಿಯನ್ ಧಾರಾವಾಹಿ ನೋಡಿದ ನಾಲ್ಕು ಜನ ಸೇರಿದ ಕಡೆ "ನಂಗೆ ಜಂಗ್‌ಹ್ವಾನ್ ಇಷ್ಟ" ಅಂತ ಒಂದು ಮಾತು ಹೇಳಿ ನೋಡಿ. ಇಬ್ಬರು ನಿಮ್ಮ ಕಡೆ ಬರುತ್ತಾರೆ. ಇನ್ನಿಬ್ಬರು ತೇಕ್ ಪರ ನಿಲ್ಲುತ್ತಾರೆ. ಊಟದ ಹೊತ್ತು ಮೀರಿದರೂ ಮಾತು ಮುಗಿಯುವುದಿಲ್ಲ. ಈ ಧಾರಾವಾಹಿಯ ಕೊನೆಯ ಎಪಿಸೋಡ್ ದಕ್ಷಿಣ ಕೊರಿಯಾದ ಟಿವಿಎನ್ ಚಾನೆಲ್‌ನಲ್ಲಿ ಬಂದದ್ದು 2016ರ ಜನವರಿ 16ಕ್ಕೆ. ಜಂಗ್‌ಹ್ವಾನ್, ತೇಕ್ ಇಬ್ಬರಲ್ಲಿ ನಾಯಕಿ ದೊಕ್‌ಸನ್ ಮದುವೆ ಆದದ್ದು ಯಾರನ್ನು ಅಂತ ಧಾರಾವಾಹಿಯೇ ಸ್ಪಷ್ಟವಾಗಿ ಹೇಳಿ ಮುಗಿಸಿದೆ. ಆದರೂ ವಾದ ನಿಂತಿಲ್ಲ.

ಈಗ ಹೊಸದಾಗಿ ನೋಡುವವರಿಗೆ ಇದರ ತಲೆಬುಡ ಅರ್ಥವಾಗುವುದಿಲ್ಲ. ಒಬ್ಬರು 'ಒನಾಮ್‌ರ್ಯು' ಅನ್ನುತ್ತಾರೆ, ಇನ್ನೊಬ್ಬರು 'ಸೆಕೆಂಡ್ ಲೀಡ್ ಸಿಂಡ್ರೋಮ್' ಅನ್ನುತ್ತಾರೆ, ಮತ್ತೊಬ್ಬರು ಟ್ರಾಫಿಕ್ ಸಿಗ್ನಲ್ ಬಗ್ಗೆ ಮಾತಾಡಿ ಕಣ್ಣೊರೆಸಿಕೊಳ್ಳುತ್ತಾರೆ. ಹಾಗಾಗಿ ಮೊದಲಿಂದ ಹೇಳುತ್ತೇನೆ. ಇನ್ನೂ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು, ಏಕೆಂದರೆ ಮುಂದೆ ಕಥೆಯ ಕೊನೆಯೂ ಬರುತ್ತದೆ.

ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಕೊರಿಯನ್ ಟಿವಿಗೆ ಇದು ಹಳೆಯ ಕಥೆ. 2002ರ 'ವಿಂಟರ್ ಸೊನಾಟಾ'ದಲ್ಲಿ ಹತ್ತು ವರ್ಷ ಜೊತೆಗೆ ನಿಂತ ಸಾಂಗ್‌ಹ್ಯುಕ್ ಕೊನೆಗೆ ಕೈ ಖಾಲಿ ಮಾಡಿಕೊಂಡ. 2009ರ 'ಬಾಯ್ಸ್ ಓವರ್ ಫ್ಲವರ್ಸ್'ನಲ್ಲಿ ಕೂಗಾಡುವ ಶ್ರೀಮಂತ ಹುಡುಗ ಗೆದ್ದ, ಕಷ್ಟದಲ್ಲಿ ಸುಮ್ನೆ ಬಂದು ಪಕ್ಕದಲ್ಲಿ ಕೂರುತ್ತಿದ್ದ ಜೀಹೂ ಸೋತ. ಗೆಲ್ಲುವವನು ಯಾರು ಅಂತ ಮೊದಲ ವಾರವೇ ಎಲ್ಲರಿಗೂ ಗೊತ್ತಿರುತ್ತಿತ್ತು. ಗೊತ್ತಿದ್ದೂ ಸೋಲುವವನ ಮೇಲೆ ಮನಸ್ಸು ಹೋಗುವುದಕ್ಕೇ 'ಸೆಕೆಂಡ್ ಲೀಡ್ ಸಿಂಡ್ರೋಮ್' ಅನ್ನುವ ಹೆಸರು ಬಂತು. ಅದು ವಾದವಾಗಿರಲಿಲ್ಲ, ಒಂದು ನೋವಾಗಿತ್ತು ಅಷ್ಟೇ. ಫಲಿತಾಂಶ ಮೊದಲೇ ಗೊತ್ತಿರುವಾಗ ವಾದಕ್ಕೆ ಜಾಗ ಎಲ್ಲಿ?

ಆ ಜಾಗ ಸಿಕ್ಕಿದ್ದು 2012ರಲ್ಲಿ. ನಿರ್ದೇಶಕ ಶಿನ್ ವೊನ್‌ಹೊ, ಬರಹಗಾರ್ತಿ ಲೀ ವೂಜಂಗ್ ಇಬ್ಬರೂ ರಿಯಾಲಿಟಿ ಶೋಗಳಿಂದ ಬಂದವರು. ನೋಡುಗರನ್ನು ಆಟದೊಳಕ್ಕೆ ಎಳೆದುಕೊಳ್ಳುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ರಿಪ್ಲೈ ಸರಣಿಯಲ್ಲಿ ಮೊದಲನೆಯದಾದ 'ರಿಪ್ಲೈ 1997'ರಲ್ಲಿ ಅವರು ಒಂದು ಹೊಸ ಕೆಲಸ ಮಾಡಿದರು. ಈಗಿನ ಕಾಲದಲ್ಲಿ ನಾಯಕಿಗೆ ಮದುವೆ ಆಗಿದೆ. ಗಂಡ ಹಳೆಯ ಗೆಳೆಯರ ಗುಂಪಿನಲ್ಲೇ ಒಬ್ಬ. ಯಾರು ಅಂತ ಮಾತ್ರ ಹೇಳುವುದಿಲ್ಲ. ಕಥೆ ಹಿಂದಕ್ಕೆ ಹೋಗಿ ಅವರ ಓದಿನ ದಿನಗಳನ್ನು ತೋರಿಸುತ್ತದೆ, ನಾವು ಗುರುತುಗಳನ್ನು ಹುಡುಕುತ್ತಾ ಕೂರುತ್ತೇವೆ.

ಮರುವರ್ಷ 'ರಿಪ್ಲೈ 1994' ಬಂದಾಗ ಈ ಹುಡುಕಾಟ ಜಾಸ್ತಿ ಆಯಿತು. ಸೋಲ್ ನಗರದ ಒಂದು ಬೋರ್ಡಿಂಗ್ ಮನೆ, ಅದರ ಮಾಲೀಕರ ಮಗಳು ನಾಜಂಗ್. ಗಂಡನ ಹೆಸರು ಕಿಮ್ ಜೇಜುನ್ ಅಂತ ಮೊದಲೇ ಹೇಳಿಬಿಟ್ಟರು. ಆದರೆ ಮನೆಯ ಹುಡುಗರನ್ನೆಲ್ಲ ಅಡ್ಡಹೆಸರಲ್ಲೇ ಕರೆಯುತ್ತಿದ್ದರಿಂದ ಆ ಹೆಸರು ಯಾರದು ಅಂತ ಗೊತ್ತಾಗಲಿಲ್ಲ. ಒಬ್ಬ 'ಟ್ರ್ಯಾಶ್', ಇನ್ನೊಬ್ಬ ಬೇಸ್‌ಬಾಲ್ ಆಡುವ ಚಿಲ್‌ಬೊಂಗ್. ಟ್ರ್ಯಾಶ್‌ನನ್ನು ನಾಜಂಗ್ 'ಒಪ್ಪಾ' ಅನ್ನುತ್ತಾಳೆ. ಮೊದಲ ಎಪಿಸೋಡ್ ಪೂರ್ತಿ ನಾವು ಅವನನ್ನು ಒಡಹುಟ್ಟಿದ ಅಣ್ಣ ಅಂತಲೇ ತಿಳಿದಿರುತ್ತೇವೆ. ನಮ್ಮಲ್ಲಿ ಒಬ್ಬ ಹುಡುಗನನ್ನು 'ಅಣ್ಣ' ಅಂದರೆ ಅಲ್ಲಿಗೆ ಆ ಮಾತು ಮುಗಿಯಿತು. ಕೊರಿಯನ್‌ನಲ್ಲಿ ಹಾಗಲ್ಲ. ಒಡಹುಟ್ಟಿದ ಅಣ್ಣನೂ ಒಪ್ಪಾ, ಪ್ರೀತಿಸುವ ಹುಡುಗನೂ ಒಪ್ಪಾ. ಕನ್ನಡದ ಕಿವಿಗೆ ಈ ಶಬ್ದ ಮೊದಮೊದಲು ದಾರಿ ತಪ್ಪಿಸುತ್ತದೆ. 1994ರ ಗಂಡ ಟ್ರ್ಯಾಶ್ ಆದ. ಚಿಲ್‌ಬೊಂಗ್ ಪರ ನಿಂತವರು ಬೇಜಾರು ಮಾಡಿಕೊಂಡರು. ಅದು ತಣ್ಣಗಾಗುವಷ್ಟರಲ್ಲಿ ಮೂರನೆಯದು ಬಂತು.

'ರಿಪ್ಲೈ 1988' ಶುರುವಾದದ್ದು 2015ರ ನವೆಂಬರ್ 6ರಂದು. ವಾರಕ್ಕೆ ಎರಡು ಎಪಿಸೋಡ್, ಶುಕ್ರವಾರ ಮತ್ತು ಶನಿವಾರ. ಸೋಲ್ ನಗರದ ಸಾಂಗ್‌ಮುನ್‌ದೊಂಗ್ ಎಂಬ ಬಡಾವಣೆ, ಒಂದು ಗಲ್ಲಿ, ಐದು ಮನೆ. ಲಾಟರಿ ಹೊಡೆದು ದುಡ್ಡು ಮಾಡಿದ ಜಂಗ್‌ಹ್ವಾನ್ ಮನೆಯವರು ಮೇಲೆ. ಅದೇ ಮನೆಯ ಕೆಳಗೆ, ಅರ್ಧ ನೆಲದೊಳಗಿರುವ ಭಾಗದಲ್ಲಿ, ದೊಕ್‌ಸನ್ ಮನೆಯವರು. ತಾಯಿ ಇಲ್ಲದ ತೇಕ್ ತನ್ನ ಅಪ್ಪನ ಜೊತೆ ಇರುತ್ತಾನೆ. ಅಪ್ಪನಿಗೆ ಗಡಿಯಾರದ ಅಂಗಡಿ. ತೇಕ್ 'ಬಾದುಕ್' ಎಂಬ ಕಪ್ಪು ಬಿಳಿ ಕಾಯಿಯ ಆಟದಲ್ಲಿ ದೇಶಕ್ಕೇ ಹೆಸರಾದವನು. ಹೊರಗೆ ಎಲ್ಲರೂ ಅವನನ್ನು ತಲೆ ಮೇಲೆ ಹೊತ್ತುಕೊಂಡರೂ ಗೆಳೆಯರ ನಡುವೆ ಅವನು ಏನೂ ಬಾರದ ಮಗು.

ಈ ಸಲ ಜನ ಎರಡು ಪಕ್ಷ ಆದರು, ಪಕ್ಷಗಳಿಗೆ ಹೆಸರೂ ಬಂತು. 'ಒನಾಮ್‌ರ್ಯು' ಅಂದರೆ 'ಏನೇ ಆದರೂ ಗಂಡ ರ್ಯು ಜುನ್‌ಯೊಲ್'. ಅದು ಜಂಗ್‌ಹ್ವಾನ್ ಪಾತ್ರ ಮಾಡಿದ ನಟನ ಹೆಸರು. 'ಒನಾಮ್‌ತೇಕ್' ಅಂದರೆ 'ಏನೇ ಆದರೂ ಗಂಡ ತೇಕ್'. ಕೊರಿಯಾದಲ್ಲಿ ಆ ಚಳಿಗಾಲ ಪೂರ್ತಿ ಈ ಎರಡು ಶಬ್ದ ಓಡಾಡಿದವು. ಹೊಸ ವರ್ಷದ ಮೊದಲ ವಾರ ಹೊಸ ಎಪಿಸೋಡ್ ಬರಲಿಲ್ಲ. ಕಾಯುವ ಆ ಬಿಡುವಿನಲ್ಲಿ ಲೆಕ್ಕಾಚಾರ ಇನ್ನಷ್ಟು ಏರಿತು. ಕೊನೆಯ ಎಪಿಸೋಡ್‌ಗೆ ಶೇ 18.8 ರೇಟಿಂಗ್ ಬಂತು. ಕೊರಿಯಾದ ಕೇಬಲ್ ಟಿವಿಯಲ್ಲಿ ಅಲ್ಲಿಯವರೆಗೆ ಅಷ್ಟು ಬಂದಿರಲಿಲ್ಲ.

ಜಂಗ್‌ಹ್ವಾನ್ ಪರ ಇದ್ದವರ ಹತ್ತಿರ ಪುರಾವೆ ಬೇಕಾದಷ್ಟಿತ್ತು. ತುಂಬಿದ ಬಸ್ಸಿನಲ್ಲಿ ದೊಕ್‌ಸನ್ ಮೇಲೆ ಯಾರೂ ಬೀಳದ ಹಾಗೆ ಅವನು ಎರಡೂ ಕೈ ಊರಿ ನಿಲ್ಲುತ್ತಾನೆ. ನರ ಉಬ್ಬಿದ ಆ ಕೈಯನ್ನು ನೋಡಿದವರು ಮರೆಯುವುದಿಲ್ಲ. ಬೆಳಿಗ್ಗೆ ಅವಳು ಹೊರಡುವ ಹೊತ್ತಿಗೇ ಹೊರಡಲು ಗೇಟಿನ ಹತ್ತಿರ ಕಾಯುತ್ತಾನೆ. ಬಾಯಲ್ಲಿ ಮಾತ್ರ ಬೈಗುಳ. ಎಲ್ಲಕ್ಕಿಂತ ದೊಡ್ಡ ಪುರಾವೆ, ಈಗಿನ ಕಾಲದ ದೃಶ್ಯಗಳಲ್ಲಿ ಕಾಣುವ ನಡುವಯಸ್ಸಿನ ಗಂಡ. ಸಿಡುಕು ಮಾತು, ಹೆಂಡತಿಯನ್ನು ಕೆಣಕುವ ರೀತಿ, ಎಲ್ಲ ಜಂಗ್‌ಹ್ವಾನ್ ಥರವೇ ಇತ್ತು, ಮೆತ್ತಗಿನ ತೇಕ್ ಥರ ಇರಲಿಲ್ಲ. ಹಾಗಾಗಿ ಗಂಡ ತೇಕ್ ಅಂತ ಗೊತ್ತಾದಾಗ ಅವರಿಗೆ ಸೋತ ನೋವಷ್ಟೇ ಆಗಲಿಲ್ಲ, ಮೋಸ ಹೋದೆವು ಅನಿಸಿತು. ಆಗಿನ ಕೊರಿಯನ್ ಧಾರಾವಾಹಿಗಳಲ್ಲಿ ಹೆಚ್ಚಿನವನ್ನು ಒಂದು ಕಡೆ ಪ್ರಸಾರ ಮಾಡುತ್ತಲೇ ಇನ್ನೊಂದು ಕಡೆ ಬರೆದು ಶೂಟ್ ಮಾಡುತ್ತಿದ್ದರು. ಅದಕ್ಕೇ ನಡುವೆ ಗಂಡನನ್ನೇ ಬದಲಾಯಿಸಿದರಾ ಎಂಬ ಅನುಮಾನ ಹುಟ್ಟಿತು. ಈ ಅನುಮಾನ ಹಾಗೇ ಉಳಿದುಕೊಂಡಿದೆ.

ತೇಕ್ ಪರ ಇದ್ದವರ ಉತ್ತರವೂ ಗಟ್ಟಿಯಾಗಿತ್ತು. ನೀವು ನೋಡಿದ್ದೆಲ್ಲ ಜಂಗ್‌ಹ್ವಾನ್ ಕಣ್ಣಿಂದ, ಅವಳ ಕಣ್ಣಿಂದ ಅಲ್ಲ, ಅಂದರು. ದೊಕ್‌ಸನ್ ಯಾರ ಹತ್ತಿರ ಹಗುರಾಗಿ ನಗುತ್ತಾಳೆ, ಯಾರನ್ನು ಕೇಳದೆ ನೋಡಿಕೊಳ್ಳುತ್ತಾಳೆ, ಅದನ್ನು ಲೆಕ್ಕ ಹಾಕಿ ಅಂದರು.

18ನೇ ಎಪಿಸೋಡ್‌ಗೆ ಬರೋಣ. ಎಲ್ಲರೂ ತಿರುಗಿ ತಿರುಗಿ ಬರುವುದು ಅಲ್ಲಿಗೇ. ಕಥೆ 1994ಕ್ಕೆ ಹಾರಿದೆ. ದೊಕ್‌ಸನ್ ವಿಮಾನದ ಗಗನಸಖಿ, ಜಂಗ್‌ಹ್ವಾನ್ ವಾಯುಪಡೆಯ ಅಧಿಕಾರಿ. ಹಾಡಿನ ಕಾರ್ಯಕ್ರಮವೊಂದಕ್ಕೆ ಬಂದ ದೊಕ್‌ಸನ್ ಜೊತೆಗಾರ ಬಾರದೆ ಒಬ್ಬಳೇ ನಿಂತಿದ್ದಾಳೆ. ಜಂಗ್‌ಹ್ವಾನ್ ಕಾರು ಓಡಿಸಿಕೊಂಡು ಬರುತ್ತಾನೆ. ದಾರಿಯಲ್ಲಿ ಒಂದಾದ ಮೇಲೊಂದು ಕೆಂಪು ದೀಪ. ಅವನು ತಲುಪುವಷ್ಟರಲ್ಲಿ ತೇಕ್ ಅಲ್ಲಿದ್ದಾನೆ. ಪಂದ್ಯವನ್ನೇ ಬಿಟ್ಟು ಬಂದಿದ್ದಾನೆ. ಆಗ ಜಂಗ್‌ಹ್ವಾನ್ ಸಿಗ್ನಲ್‌ಗಳನ್ನು ದೂರುವುದಿಲ್ಲ. ಅಡ್ಡ ಬಂದದ್ದು ದೀಪಗಳಲ್ಲ, ಇಷ್ಟು ವರ್ಷ ತಾನು ಹಿಂಜರಿದದ್ದು ಅಂತ ತನಗೇ ಹೇಳಿಕೊಳ್ಳುತ್ತಾನೆ. ಆಮೇಲೆ ಗೆಳೆಯರೆಲ್ಲ ಕೂತಿದ್ದಾಗ, ಹೆಂಡತಿ ಆಗುವವಳಿಗೆ ಅಂತ ವಾಯುಪಡೆ ಅಕಾಡೆಮಿಯವರು ಮಾಡಿಸಿಕೊಳ್ಳುವ ಉಂಗುರವನ್ನು ದೊಕ್‌ಸನ್ ಮುಂದೆ ಇಡುತ್ತಾನೆ. ಇಷ್ಟು ವರ್ಷದ ಪ್ರೀತಿಯನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಾನೆ. ಹೇಳಿ ಮುಗಿಸಿ ತಮಾಷೆ ಮಾಡಿದೆ ಅನ್ನುತ್ತಾನೆ.

ಈ ದೃಶ್ಯ ಎಷ್ಟು ಸಲ ನೋಡಿದರೂ ನನ್ನ ಗಂಟಲು ಕಟ್ಟುತ್ತದೆ. ನಾನೂ ಬಹಳ ದಿನ ಜಂಗ್‌ಹ್ವಾನ್ ಪರವೇ ಇದ್ದೆ. ಮೂರನೇ ಸಲ ನೋಡುವಾಗ ಬೇರೆ ಒಂದು ವಿಷಯ ಕಾಡಲು ಶುರುವಾಯಿತು. ತೇಕ್‌ಗೆ ದೊಕ್‌ಸನ್ ಇಷ್ಟ ಅಂತ ತಿಳಿದ ದಿನ ಜಂಗ್‌ಹ್ವಾನ್ ಹಿಂದೆ ಸರಿಯುತ್ತಾನೆ. ಮುಂದೆ ಜಂಗ್‌ಹ್ವಾನ್ ಪರ್ಸ್‌ನಲ್ಲಿದ್ದ ದೊಕ್‌ಸನ್ ಫೋಟೊ ನೋಡಿ ತೇಕ್ ಕೂಡ ಹಿಂದೆ ಸರಿಯುತ್ತಾನೆ, ಅವಳ ಜೊತೆ ಹೋಗಬೇಕಿದ್ದ ಸಿನಿಮಾ ಬೇಡ ಅನ್ನುತ್ತಾನೆ. ಇಬ್ಬರೂ ಒಳ್ಳೆಯ ಗೆಳೆಯರು, ಇಬ್ಬರದ್ದೂ ತ್ಯಾಗವೇ. ಆದರೆ ಇಬ್ಬರೂ ಅವಳನ್ನು ಕೇಳಲಿಲ್ಲ ಅಲ್ವಾ?

ದೊಕ್‌ಸನ್ ಎಂಥ ಹುಡುಗಿ ಅಂತ ಮೊದಲ ಎಪಿಸೋಡ್‌ನಲ್ಲೇ ಇದೆ. ಮೂರು ಮಕ್ಕಳಲ್ಲಿ ನಡುವಿನವಳು. ಅವಳ ಹುಟ್ಟುಹಬ್ಬ ಅಕ್ಕ ಬೋರಾಳ ಕೇಕಿನಲ್ಲೇ ಮುಗಿಯುತ್ತದೆ. ಮೊಟ್ಟೆ ಹುರಿದರೆ ಅಕ್ಕನಿಗೆ, ತಮ್ಮನಿಗೆ. ಸೋಲ್ ಒಲಿಂಪಿಕ್ಸ್ ಮೆರವಣಿಗೆಯಲ್ಲಿ ಮಡಗಾಸ್ಕರ್ ದೇಶದ ಫಲಕ ಹಿಡಿಯಲು ತಿಂಗಳುಗಟ್ಟಲೆ ತಯಾರಾಗುತ್ತಾಳೆ. ಕಡೆಗೆ ಆ ದೇಶವೇ ಬರುವುದಿಲ್ಲ, ಉಗಾಂಡದ ಫಲಕ ಹಿಡಿಯುತ್ತಾಳೆ. ಇಂಥ ಹುಡುಗಿಗೆ, ಅದೇ ಗಲ್ಲಿಯ ಗೆಳೆಯ ಸನ್‌ವೂಗೆ ನೀನಂದ್ರೆ ಇಷ್ಟ ಅಂತ ಗೆಳತಿಯರು ಹೇಳಿದರೆ ಸನ್‌ವೂ ಇಷ್ಟವಾಗುತ್ತಾನೆ. ಜಂಗ್‌ಹ್ವಾನ್‌ಗೆ ಇಷ್ಟ ಅಂದರೆ ಜಂಗ್‌ಹ್ವಾನ್ ಇಷ್ಟವಾಗುತ್ತಾನೆ. ಯಾರಾದರೂ ತನ್ನನ್ನು ಮೊದಲು ಆರಿಸಲಿ ಅನ್ನುವ ಆಸೆ ಅದು. ನಿನ್ನನ್ನು ಯಾರು ಇಷ್ಟಪಡುತ್ತಾರೆ ಅಂತಲ್ಲ, ನೀನು ಯಾರನ್ನು ಇಷ್ಟಪಡುತ್ತೀಯ ಅಂತ ಅವಳಿಗೆ ಹೇಳುವವನು ಗೆಳೆಯ ದೊಂಗ್‌ರ್ಯೊಂಗ್. ಪಕ್ಷ ಕಟ್ಟಿಕೊಂಡ ನಾವು ಆ ಮಾತಿಗೆ ಕಿವಿ ಕೊಡಲಿಲ್ಲ. ಯಾವ ಹುಡುಗ ಹೆಚ್ಚು ಕಾದ, ಯಾರು ಹೆಚ್ಚು ಅತ್ತ, ಯಾರಿಗೆ ಅವಳು ಸಿಗಬೇಕಿತ್ತು ಅಂತ ತೂಗುತ್ತಾ ಕೂತೆವು.

ಹಾಗಂತ ತಪ್ಪು ಪೂರ್ತಿ ನೋಡುಗರದ್ದು ಅಂತಲೂ ಹೇಳಲಾಗದು. ಗಂಡ ಯಾರು ಎಂಬುದು ಗುಟ್ಟಾಗಿ ಇರಬೇಕು ಅಂದರೆ ಹೆಂಡತಿಯ ಮನಸ್ಸನ್ನು ಮುಚ್ಚಿಡಬೇಕು. ಹುಡುಗರ ಮನಸ್ಸು ತೋರಿಸಬಹುದು, ಅದರಿಂದ ಗುಟ್ಟು ಹೊರಬೀಳುವುದಿಲ್ಲ. ಅವಳ ಮನಸ್ಸು ತೋರಿಸಿದರೆ ಆಟ ಮುಗಿಯಿತು. ಅದಕ್ಕೇ ದೊಕ್‌ಸನ್‌ಗೆ ತೇಕ್ ಯಾವಾಗ ಇಷ್ಟವಾದ ಅನ್ನುವುದು ಸರಿಯಾಗಿ ಕಾಣುವುದೇ ಇಲ್ಲ. 19ನೇ ಎಪಿಸೋಡ್‌ನಲ್ಲಿ ಬೀಜಿಂಗ್‌ನ ಹೋಟೆಲಿಗೆ ಬರುವಷ್ಟರಲ್ಲಿ ಎಲ್ಲ ತೀರ್ಮಾನ ಆಗಿರುತ್ತದೆ. ಇಷ್ಟು ವರ್ಷದ ವಾದವೆಲ್ಲ ಹುಟ್ಟಿದ್ದು ಈ ಖಾಲಿ ಜಾಗದಲ್ಲಿ ಅಂತ ನನಗೆ ಅನಿಸುತ್ತದೆ.

ಇದೇ ಧಾರಾವಾಹಿಯಲ್ಲಿ ಹೆಣ್ಣಿನ ಮನಸ್ಸು ನೇರವಾಗಿ ಕಾಣುವ ಇನ್ನೊಂದು ಜೋಡಿ ಇದೆ, ಬೋರಾ ಮತ್ತು ಸನ್‌ವೂ. ಇಬ್ಬರ ಮನೆ ಹೆಸರೂ ಸಂಗ್, ಮೂಲದ ಊರೂ ಒಂದೇ. ಅಂಥವರು ಮದುವೆ ಆಗುವಂತಿಲ್ಲ ಎಂಬ ಕಾನೂನೇ ಕೊರಿಯಾದಲ್ಲಿ ಇತ್ತು. ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ತಪ್ಪು ಅಂತ ಹೇಳಿದ್ದು 1997ರಲ್ಲಿ. ಸಗೋತ್ರ ಅಂದ ಕೂಡಲೇ ಮುಖ ಗಂಟಿಕ್ಕುವ ಮನೆಗಳನ್ನು ಕಂಡ ನಮಗೆ ಆ ತಾಯಂದಿರ ಅಳು ವಿವರಿಸಬೇಕಾಗಿಲ್ಲ. ಇನ್ನೂ ಒಂದು ತೊಡಕು. ತೇಕ್‌ನ ಅಪ್ಪ, ಸನ್‌ವೂನ ಅಮ್ಮ ಒಂದಾಗುತ್ತಾರೆ. ಅಲ್ಲಿಗೆ ಹುಡುಗರು ಅಣ್ಣತಮ್ಮ ಆದ ಹಾಗೆ. ಅಕ್ಕ ತಂಗಿ ಒಂದೇ ಮನೆಗೆ ವಾರಗಿತ್ತಿಯರಾದರೆ ನಮ್ಮಲ್ಲಿ ಎಷ್ಟೋ ತಾಯಂದಿರು ಖುಷಿಪಡುತ್ತಾರೆ. ಸಾಂಗ್‌ಮುನ್‌ದೊಂಗ್‌ನಲ್ಲಿ ಮಾತ್ರ ಇದೇ ಕಾರಣಕ್ಕೆ ತೇಕ್, ದೊಕ್‌ಸನ್ ತಮ್ಮ ವಿಷಯ ಮುಚ್ಚಿಡುತ್ತಾರೆ.

ಆಮೇಲಿನದು ಬೇಗ ಹೇಳಬಹುದು. 2020ರ 'ಸ್ಟಾರ್ಟ್ ಅಪ್' ಬಂದಾಗ ಇದೇ ಜಗಳ ದೇಶ ದಾಟಿತು. ಲಾಕ್‌ಡೌನ್ ಕಾಲ, ನೆಟ್‌ಫ್ಲಿಕ್ಸ್‌ನಲ್ಲಿ ಕೊರಿಯನ್ ಧಾರಾವಾಹಿ ನಮ್ಮ ಮನೆಗಳಿಗೂ ಬಂದಿತ್ತು. ನಾನೂ ನನ್ನ ತಂಗಿಯೂ ನೋಡಲು ಶುರು ಮಾಡಿದ್ದು ಆಗಲೇ. ಅನಾಥ ಹುಡುಗ ಜೀಪ್ಯೊಂಗ್ ಒಬ್ಬ ಅಜ್ಜಿಯ ಮಾತಿಗೆ ಅವರ ಮೊಮ್ಮಗಳು ದಾಲ್‌ಮಿಗೆ ಪತ್ರ ಬರೆಯುತ್ತಾನೆ. ಸಹಿ ಹಾಕುವುದು ಪೇಪರಿನಲ್ಲಿ ಕಂಡ ದೋಸಾನ್ ಎಂಬ ಹುಡುಗನ ಹೆಸರಲ್ಲಿ. ವರ್ಷಗಳ ನಂತರ ನಿಜವಾದ ದೋಸಾನ್ ಬರುತ್ತಾನೆ. ದಾಲ್‌ಮಿ ಪ್ರೀತಿಸಿದ್ದು ಪತ್ರವನ್ನೋ, ಹೆಸರನ್ನೋ? ಕೊನೆಗೆ ದೋಸಾನ್ ಅವಳ ಗಂಡನಾದ. ಮತ್ತೆ ಎರಡು ಪಕ್ಷ, ಅದೇ ತೂಗಾಟ. 2022ರ 'ಟ್ವೆಂಟಿ ಫೈವ್ ಟ್ವೆಂಟಿ ಒನ್' ನೋಡುವಾಗ ನಾಯಕಿಯ ಮಗಳ ಮನೆ ಹೆಸರು ಕಿಮ್ ಅನ್ನುವುದನ್ನೇ ಹಿಡಿದುಕೊಂಡು ಜನ ವಾರಗಟ್ಟಲೆ ಲೆಕ್ಕ ಹಾಕಿದರು. ನಾಯಕ ಯೀಜಿನ್ ಮನೆ ಹೆಸರು ಬೇಕ್. ಕಡೆಗೂ ಅವರಿಬ್ಬರು ಬೇರೆಯಾದರು.

2025ರ ಮಾರ್ಚ್‌ನಲ್ಲಿ 'ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್' ಬಂತು. ತೇಕ್ ಆಗಿದ್ದ ಪಾರ್ಕ್ ಬೊಗಮ್ ಇಲ್ಲಿ ಜೇಜು ದ್ವೀಪದ ಗ್ವಾನ್‌ಶಿಕ್. ಗಂಡ ಯಾರು ಎಂಬ ಗುಟ್ಟು ಇಲ್ಲವೇ ಇಲ್ಲ, ಮೊದಲಿಂದಲೂ ಅವನೇ. ಹಡಗಿನಿಂದ ಸಮುದ್ರಕ್ಕೆ ಹಾರಿ ನಾಯಕಿ ಏಸನ್ ಹತ್ತಿರ ಈಜಿಕೊಂಡು ವಾಪಸ್ ಬರುತ್ತಾನೆ. ಅದನ್ನು ನೋಡಿ ಮುಗಿಸಿದ ರಾತ್ರಿ ನಾನೂ ತಂಗಿಯೂ ಮಾತಾಡಿದ್ದು ಗ್ವಾನ್‌ಶಿಕ್ ಬಗ್ಗೆ ಕಡಿಮೆ, ಏಸನ್ ಕವಿ ಆಗಬೇಕು ಅಂದುಕೊಂಡಿದ್ದರ ಬಗ್ಗೆ ಜಾಸ್ತಿ. ಮಾತಿನ ನಡುವೆ ಅವಳು ಕೇಳಿದಳು, "ಅಕ್ಕಾ, ದೊಕ್‌ಸನ್‌ಗೆ ಏನಾಗಬೇಕು ಅಂತ ಆಸೆ ಇತ್ತು?" ನನಗೆ ಉತ್ತರ ಹೊಳೆಯಲಿಲ್ಲ. ಮೊದಲ ಎಪಿಸೋಡ್ ಮತ್ತೆ ಹಾಕಿದೆವು.