ಪ್ರೋಬಯಾಟಿಕ್ ಮತ್ತು ಒತ್ತಡ: ಜೆಬಿ-1 ತಳಿಯ ಕಥೆ

ಪ್ರೋಬಯಾಟಿಕ್ ಅಂದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ಸೇವಿಸುವ ಜೀವಂತ ಬ್ಯಾಕ್ಟೀರಿಯಾ. ಅದು ಒತ್ತಡ ಇಳಿಸುತ್ತಾ ಅನ್ನೋದೇ ಈ ಪಾಠದ ಪ್ರಶ್ನೆ. ಇಲ್ಲಿ ಮೊದಲು ಗಮನಿಸಬೇಕಾದ್ದು ತಳಿ, ಅಂದರೆ ಒಂದೇ ಜಾತಿಯ ಬ್ಯಾಕ್ಟೀರಿಯಾದೊಳಗಿನ ಬೇರೆ ಬೇರೆ ಬಗೆ. ಲ್ಯಾಕ್ಟೋಬ್ಯಾಸಿಲಸ್ ಅಂತ ಬ್ಯಾಕ್ಟೀರಿಯಾ ಗುಂಪಿನ ಹೆಸರು ಬರೆದರೆ ಸಾಲದು, ಯಾವ ತಳಿ ಅಂತಲೂ ಹೇಳಬೇಕು. ಒಂದು ತಳಿ ಮಾಡಿದ ಕೆಲಸವನ್ನು ಅದರ ಪಕ್ಕದ ತಳಿಯೂ ಮಾಡುತ್ತೆ ಅನ್ನೋ ಖಾತ್ರಿ ಇಲ್ಲ. ಮನೆ ಮೊಸರಿನ ತೊಂದರೆಯೂ ಇದೇ. ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಅಂತ ಯಾರಿಗೆ ಗೊತ್ತು? ಮಜ್ಜಿಗೆ ಹುಳಿ ಮಾಡಿ ಕುದಿಸಿದ ಮೇಲಂತೂ ಕೇಳೋದೇ ಬೇಡ.

ಈಗ ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜೆಬಿ-1. 2011ರಲ್ಲಿ ಐರ್ಲೆಂಡಿನ ಕಾರ್ಕ್ ಮತ್ತು ಕೆನಡಾದ ಸಂಶೋಧಕರು ಇದನ್ನು ಇಲಿಗಳಿಗೆ ಕೊಟ್ಟರು. ಆತಂಕದ ನಡವಳಿಕೆ ಕಡಿಮೆಯಾಯಿತು. ಒತ್ತಡಕ್ಕೆ ಸಿಕ್ಕಿಸಿದಾಗ ಕಾರ್ಟಿಕೋಸ್ಟೆರಾನ್ ಎಂಬ ಒತ್ತಡದ ಹಾರ್ಮೋನ್ ಕೂಡ ಬೇರೆ ಇಲಿಗಳಷ್ಟು ಏರಲಿಲ್ಲ. ಆದರೆ ಹೊಟ್ಟೆಯನ್ನು ಮಿದುಳಿಗೆ ಜೋಡಿಸುವ ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಇದ್ಯಾವುದೂ ಕಾಣಲಿಲ್ಲ. ಸುದ್ದಿ ಆ ನರದ ಮೂಲಕವೇ ಹೋಗುತ್ತಿತ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಮುಂದೆ ಮನುಷ್ಯರ ಸರದಿ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 29 ಆರೋಗ್ಯವಂತ ಗಂಡಸರಿದ್ದರು. ಪ್ರತಿಯೊಬ್ಬರೂ ಜೆಬಿ-1, ಪ್ಲಸೀಬೊ (ಬ್ಯಾಕ್ಟೀರಿಯಾ ಇಲ್ಲದ ಹುಸಿ ಮದ್ದು) ಎರಡನ್ನೂ ಸರದಿಯಂತೆ ತೆಗೆದುಕೊಂಡರು. ಒತ್ತಡ ತರಿಸೋದು ಹೇಗೆ? ಐಸ್‌ನಂಥ ತಣ್ಣೀರಿನಲ್ಲಿ ಕೈ ಅದ್ದಿಸಿ, ಎದುರಿಗೆ ಒಬ್ಬರು ಕೂತು ಸುಮ್ನೆ ನೋಡುತ್ತಿರುತ್ತಾರೆ. ನೋವಿನ ಜೊತೆ ಮುಜುಗರವೂ ಸೇರಿ, ಮನುಷ್ಯರ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಏರುತ್ತದೆ. ಫಲಿತಾಂಶ? ಜೆಬಿ-1 ಪ್ಲಸೀಬೊಗಿಂತ ಮೇಲಾಗಲಿಲ್ಲ. ಮೊದಲೇ ಆರಾಮಾಗಿರುವವರಲ್ಲಿ ಇಳಿಸೋಕೆ ಒತ್ತಡವೇ ಜಾಸ್ತಿ ಇರಲ್ಲ ಅಲ್ವಾ? ನನಗೆ ಇದೇ ದೊಡ್ಡ ಕಾರಣ ಅನಿಸುತ್ತದೆ. ತಳಿಯ ಪ್ರಮಾಣ, ಇಲಿ-ಮನುಷ್ಯರ ವ್ಯತ್ಯಾಸಗಳೂ ಇದ್ದೇ ಇವೆ.

ಹಾಗಂತ ಎಲ್ಲ ತಳಿಗಳೂ ಸೋತಿಲ್ಲ. 2016ರಲ್ಲಿ ಕಾರ್ಕ್‌ನಲ್ಲೇ ಬೈಫಿಡೋಬ್ಯಾಕ್ಟೀರಿಯಂ ಲಾಂಗಮ್ 1714 ತಳಿಯನ್ನು 22 ಆರೋಗ್ಯವಂತರ ಮೇಲೆ ಇದೇ ತಣ್ಣೀರಿನ ಪರೀಕ್ಷೆಯಲ್ಲಿ ನೋಡಿದರು. ಕಾರ್ಟಿಸಾಲ್ ಏರಿಕೆ ತಗ್ಗಿತು, ದಿನನಿತ್ಯದ ಒತ್ತಡವೂ ಕಡಿಮೆ ಅನಿಸಿತು. ಆದರೆ ಇಲ್ಲಿ ಪ್ಲಸೀಬೊ ಮೊದಲು, ಬ್ಯಾಕ್ಟೀರಿಯಾ ಆಮೇಲೆ. ಅಷ್ಟು ಹೊತ್ತಿಗೆ ತಣ್ಣೀರು ರೂಢಿಯಾಗಿರಬಹುದಲ್ಲ! ಈ ಅಂಶವನ್ನು ಉತ್ತರದಲ್ಲಿ ಖಂಡಿತ ಬರೆಯಿರಿ.

ಇನ್ನೊಂದು ಮಾತು. ಮನಸ್ಥಿತಿಯ ಜೊತೆ ತಳಕು ಹಾಕುವ ಸೆರೊಟೋನಿನ್ ಎಂಬ ರಾಸಾಯನಿಕದ ಸುಮಾರು 90% ಕರುಳಿನಲ್ಲಿದೆ, ಹಾಗಾಗಿ ಪ್ರೋಬಯಾಟಿಕ್ ತಿಂದರೆ ಮನಸ್ಸು ಹಗುರ ಅಂತ ಎಲ್ಲ ಕಡೆ ಓದುತ್ತೀರಿ. ಮೊದಲ ಅರ್ಧ ಸರಿ. ಆದರೆ ಕರುಳಿನ ಸೆರೊಟೋನಿನ್ ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ. ಅದು ಕರುಳಿನ ಚಲನೆ ನೋಡಿಕೊಳ್ಳುತ್ತದೆ, ಅಲ್ಲಿನ ನರದ ತುದಿಗಳನ್ನು ಕೆಣಕುತ್ತದೆ. ಮಿದುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ.