ಬರೆದುಕೊಟ್ಟ ಟ್ಯೂನಿಗೆ ಮತ್ತೆ ರೊಕ್ಕ ಬರುತ್ತದಾ?

ಪ್ರಶ್ನೆ: "ಸರ್ರ, ನಾ ಗದಗಿನ ಕಡೆಯವ. ಜಾನಪದ ಹಾಡಿಗೆ ಟ್ಯೂನ್ ಮಾಡ್ತೇನ್ರಿ. ಒಂದು ಹಾಡು ಆಡಿಯೋ ಕಂಪನಿಗೆ ಬರೆದುಕೊಟ್ಟೀನಿ. ಈಗ ಅದು ಎಲ್ಲಾ ಕಡೆ ಓಡಾಕತ್ತೈತಿ, ಎಫ್‌ಎಂನಾಗೂ ಹಾಕ್ಯಾರ. ನನಗ ಏನರ ಬರ್ತೈತೇನ್ರಿ, ಇಲ್ಲಾ ಬರೆದುಕೊಟ್ಟ ಮ್ಯಾಲ ಮುಗೀತೇನ್ರಿ?"

ಬರುತ್ತದೆ. ಮುಗಿದಿಲ್ಲ. ಆದರೆ ತಾನಾಗಿ ಬರುವುದಿಲ್ಲ, ನೀವು ಹೆಸರು ಹಚ್ಚಿಸಿ ಕೇಳಿ ಪಡೆಯಬೇಕು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಹುಬ್ಬಳ್ಳಿಯಿಂದ ಬರುತ್ತದೆ, ರಾಣೆಬೆನ್ನೂರಿನಿಂದ ಬರುತ್ತದೆ, ರೋಣದಿಂದಲೂ ಬರುತ್ತದೆ. ಉತ್ತರ ಕೊಟ್ಟಾಗ ಎಲ್ಲರೂ "ಹೌದೇನ್ರಿ?" ಅನ್ನುತ್ತಾರೆ. ಆಮೇಲೆ ಮುಂದಿನ ಹಾಡನ್ನೂ ಹಾಗೇ ಬರೆದುಕೊಟ್ಟು ಸುಮ್ನೆ ಕೂರುತ್ತಾರೆ. ಅದಕ್ಕೇ ಈ ಸಲ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು ತಲೆಯಲ್ಲಿ ಕೂರಲಿ. ಒಂದು ಹಾಡಿನೊಳಗೆ ಎರಡು ಆಸ್ತಿ ಇವೆ. ಒಂದು, ಟ್ಯೂನು ಮತ್ತು ಸಾಹಿತ್ಯ. ಇನ್ನೊಂದು, ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿಂಗ್. ರೆಕಾರ್ಡಿಂಗ್ ಸಾಮಾನ್ಯವಾಗಿ ಖರ್ಚು ಹಾಕಿದ ಕಂಪನಿಯದ್ದು. ಅದರ ತಂಟೆ ನಮಗೆ ಬೇಡ. ನಿಮ್ಮ ಪ್ರಶ್ನೆ ಇರುವುದು ಮೊದಲನೆಯದರ ಬಗ್ಗೆ. ರೇಡಿಯೋ, ಟಿವಿ, ಹೋಟೆಲ್, ವೇದಿಕೆ, ಮೊಬೈಲ್ ಆ್ಯಪ್, ಎಲ್ಲೇ ಆ ಹಾಡು ಸಾರ್ವಜನಿಕರ ಕಿವಿಗೆ ಬಿದ್ದರೂ ಟ್ಯೂನ್ ಕಟ್ಟಿದವರಿಗೆ ಬರಬೇಕಾದ ಪಾಲು ಒಂದಿದೆ. ಅದೇ ಪರ್ಫಾರ್ಮೆನ್ಸ್ ರಾಯಲ್ಟಿ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ. "ಸ್ಟ್ಯಾಂಪ್ ಪೇಪರ್ ಮ್ಯಾಲ ಸಹಿ ಮಾಡೀನ್ರಿ. ಮುಂದ ಯಾವ ರಾಯಲ್ಟಿನೂ ಕೇಳಂಗಿಲ್ಲ ಅಂತ ಬರೆಸಿಕೊಂಡಾರ. ಇನ್ನೇನ್ ಐತ್ರಿ?"

ಇದು ಎಲ್ಲಿಂದ ಬಂತು ಅಂದರೆ, ಒಂದು ಕಾಲಕ್ಕೆ ಇದು ಹೆಚ್ಚುಕಡಿಮೆ ನಿಜವೇ ಆಗಿತ್ತು. 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಸಿನಿಮಾ ನಿರ್ಮಾಪಕರು ದುಡ್ಡು ಕೊಟ್ಟು ಮಾಡಿಸಿಕೊಂಡ ಸಂಗೀತಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕರೇ ಮೊದಲ ಮಾಲೀಕರು ಅಂತ ಅದರ ಸಾರ. ಆಮೇಲೆ ಎಷ್ಟೋ ವರ್ಷ ಇಡೀ ದೇಶದಲ್ಲಿ ಅದೇ ಪದ್ಧತಿ ನಡೆಯಿತು. ಕ್ಯಾಸೆಟ್ ಕಾಲದಲ್ಲಿ ನಮ್ಮ ಕಡೆಯ ಕಲಾವಿದರೂ ಒಂದೇ ಗಂಟು ರೊಕ್ಕ ತೆಗೆದುಕೊಂಡು ಸಹಿ ಹಾಕಿ ಬಂದರು. ಅವರ ಶಿಷ್ಯರು ಅದನ್ನೇ ಕಲಿತರು. ಕ್ಯಾಸೆಟ್ ಹೋಯಿತು, ಆ ಮಾತು ಉಳಿಯಿತು.

ಕಾನೂನು ಬದಲಾಗಿದ್ದು 2012ರಲ್ಲಿ. ಆಗ ರಾಜ್ಯಸಭೆಯಲ್ಲಿದ್ದ ಹಿಂದಿ ಚಿತ್ರಗೀತೆಗಳ ಕವಿ ಜಾವೇದ್ ಅಖ್ತರ್ ಅವರಂಥವರು ಇದಕ್ಕಾಗಿ ಬಹಳ ಗುದ್ದಾಡಿದ್ದರು. ಆ ವರ್ಷ ಜೂನ್ 21ರಿಂದ ತಿದ್ದುಪಡಿ ಜಾರಿಗೆ ಬಂತು. ಕಾಪಿರೈಟ್ ಕಾಯ್ದೆಯ 18 ಮತ್ತು 19ನೇ ಕಲಂಗಳಲ್ಲಿ ಈಗ ಇರುವುದನ್ನು ಸರಳವಾಗಿ ಹೇಳುತ್ತೇನೆ. ಟ್ಯೂನಿನ ಹಕ್ಕನ್ನು ನೀವು ಕಂಪನಿಗೆ ಬರೆದುಕೊಡಬಹುದು. ಆದರೆ ರಾಯಲ್ಟಿಯನ್ನು ಕಂಪನಿಯೊಂದಿಗೆ ಸರಿಸಮನಾಗಿ ಹಂಚಿಕೊಳ್ಳುವ ಹಕ್ಕನ್ನು ಬರೆದುಕೊಡುವ ಹಾಗಿಲ್ಲ, ಬಿಟ್ಟುಕೊಡುವ ಹಾಗೂ ಇಲ್ಲ. ಕೊಡುವುದಿದ್ದರೆ ಇಬ್ಬರಿಗೆ ಮಾತ್ರ: ನಿಮ್ಮ ವಾರಸುದಾರರಿಗೆ, ಅಥವಾ ವಸೂಲಿ ಮಾಡಿ ಹಂಚುವ ಕಾಪಿರೈಟ್ ಸೊಸೈಟಿಗೆ. ಇದಕ್ಕೆ ವಿರುದ್ಧವಾಗಿ ಮಾಡಿಕೊಂಡ ಕರಾರು ಅನೂರ್ಜಿತ.

ಇನ್ನೊಮ್ಮೆ ಓದಿ. ನೀವು "ಕೇಳುವುದಿಲ್ಲ" ಅಂತ ಬರೆದುಕೊಟ್ಟರೂ ಆ ಸಾಲಿಗೆ ಬೆಲೆ ಇಲ್ಲ. ಹೊಲವನ್ನು ಪಾಲಿಗೆ ಕೊಟ್ಟ ಹಾಗೆ ಇದು. ಉಳುವವರು ಬೇರೆ ಇರಬಹುದು, ಸುಗ್ಗಿಯಲ್ಲಿ ನಿಮ್ಮ ಪಾಲಿನ ಚೀಲ ನಿಮ್ಮದೇ.

ಸಿನಿಮಾ ಹಾಡಾದರೆ ಒಂದು ವಿನಾಯಿತಿ ಇದೆ. ಟಾಕೀಸಿನಲ್ಲಿ ಸಿನಿಮಾ ಜೊತೆಗೇ ಹಾಡು ಬಂದರೆ ಈ ಪಾಲು ಕೇಳುವ ಹಾಗಿಲ್ಲ. ಅದೇ ಹಾಡು ರೇಡಿಯೋದಲ್ಲಿ, ಟಿವಿಯಲ್ಲಿ, ಆ್ಯಪ್‌ನಲ್ಲಿ ಬಂದರೆ ಕೇಳಬಹುದು. ನಿಮ್ಮದು ಸಿನಿಮಾ ಹಾಡಲ್ಲ, ಹಾಗಾಗಿ ಆ ವಿನಾಯಿತಿಯ ಚಿಂತೆಯೂ ಇಲ್ಲ. 2012ಕ್ಕಿಂತ ಹಿಂದಿನ ಕರಾರುಗಳ ಕಥೆ ತೊಡಕಿನದ್ದು, ಅದನ್ನು ವಕೀಲರಿಗೆ ತೋರಿಸಿ.

ಇಷ್ಟು ಹೇಳಿದ ಮೇಲೂ ತಕರಾರು ಬರುತ್ತವೆ. ಕೇಳಿ ಕೇಳಿ ನನಗೆ ಬಾಯಿಪಾಠ ಆಗಿವೆ.

"ಪೂರ್ತಿ ರೊಕ್ಕ ತಗೊಂಡೇನಲ್ರಿ, ಮತ್ತ ಕೇಳೂದು ತಪ್ಪಲ್ಲೇನ್ರಿ?" ತಪ್ಪಲ್ಲ. ನೀವು ತೆಗೆದುಕೊಂಡಿದ್ದು ಟ್ಯೂನ್ ಮಾಡಿಕೊಟ್ಟಿದ್ದಕ್ಕೆ. ರಾಯಲ್ಟಿ ಬರುವುದು ಅದು ಬಳಕೆಯಾದಾಗ. ಧಾರವಾಡ ಆಕಾಶವಾಣಿಯಲ್ಲಿ ಹಾಡಿ ಬಂದಾಗ ಸಿಗುವ ಚೆಕ್ ಕೂಡ ಸಂಭಾವನೆ, ರಾಯಲ್ಟಿ ಅಲ್ಲ. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

"ಕಂಪನಿಯವರು ಸಿಟ್ಟಾದ್ರ? ಮುಂದ ಕೆಲಸಾ ಕೊಡದಿದ್ರ?" ಈ ಭಯ ನನಗೆ ಅರ್ಥವಾಗುತ್ತದೆ. ಆದರೆ ಸೊಸೈಟಿ ವಸೂಲಿ ಮಾಡುವುದು ಎಫ್‌ಎಂ, ಟಿವಿ, ಆ್ಯಪ್, ಹೋಟೆಲ್‌ಗಳಿಂದ. ಕಂಪನಿಯ ಜೇಬಿನಿಂದ ಅಲ್ಲ. ಕಂಪನಿ ಸದಸ್ಯನಾಗಿದ್ದರೆ ಅದರ ಅರ್ಧವೂ ಅಲ್ಲಿಂದಲೇ ಬರುತ್ತದೆ. ನೀವು ಹೆಸರು ಹಚ್ಚಿಸಿದರೆ ಅವರಿಗೆ ನಷ್ಟವೇನೂ ಇಲ್ಲ.

"ನನಗ ಸ್ವರಲಿಪಿ ಬರೆಯಾಕ ಬರಂಗಿಲ್ರಿ, ಹಾರ್ಮೋನಿಯಂ ಹಿಡಕೊಂಡು ಬಾಯಿಲೆ ಹೇಳಿ ಕೊಡಾಂವ." ಇದನ್ನು ಕೇಳಿದಾಗ ಬೇಜಾರೂ ಆಗುತ್ತದೆ, ನಗುವೂ ಬರುತ್ತದೆ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ನೆಲದಲ್ಲಿ ಕಾಗದದ ಮೇಲಿನ ಸಂಗೀತವೇ ಸಂಗೀತ ಅಂತ ಅಂದುಕೊಳ್ಳುವುದಾ? ಕಾಯ್ದೆಯೇ ಹೇಳುತ್ತದೆ: ಲಿಪಿಯಲ್ಲಿ ಬರೆದಿಟ್ಟಿರಲಿ, ಬಿಟ್ಟಿರಲಿ, ಸಂಗೀತ ಕಟ್ಟಿದವರೇ ಸಂಯೋಜಕರು. ಮೊಬೈಲ್‌ನಲ್ಲಿ ಗುನುಗಿ ಕಳಿಸಿದ ಟ್ಯೂನೂ ನಿಮ್ಮದೇ.

ಇನ್ನು ವಸೂಲಿಯ ದಾರಿ. ಸಂಯೋಜಕರು ಮತ್ತು ಸಾಹಿತ್ಯ ಬರೆದವರ ಪರವಾಗಿ ಈ ಕೆಲಸ ಮಾಡುವ ಸಂಸ್ಥೆ ಐಪಿಆರ್‌ಎಸ್, ಅಂದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. 1969ರಲ್ಲಿ ಶುರುವಾಯಿತು, ಕಚೇರಿ ಮುಂಬೈಯಲ್ಲಿದೆ. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಕಾಪಿರೈಟ್ ಸೊಸೈಟಿಯಾಗಿ ನೋಂದಾಯಿಸಿತು. ಮುಂಬೈಗೆ ರೈಲು ಹತ್ತಬೇಕಿಲ್ಲ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆಯ ವಿವರ, ಬಿಡುಗಡೆಯಾದ ಹಾಡಿನ ದಾಖಲೆ ಕೈಯಲ್ಲಿರಲಿ. ಸದಸ್ಯರಾದ ಮೇಲೆ ನಿಮ್ಮ ಪರವಾಗಿ ಲೈಸೆನ್ಸ್ ಕೊಡುವುದು ಸೊಸೈಟಿಯೇ. ಆಮೇಲೆ ನೀವೇ ಹೋಟೆಲ್ ಮಾಲೀಕರ ಹತ್ತಿರ ಹೋಗಿ "ನನ್ನ ಹಾಡು ಹಾಕೀರಿ, ರೊಕ್ಕ ಕೊಡ್ರಿ" ಅನ್ನುವ ಹಾಗಿಲ್ಲ.

ಸದಸ್ಯರಾದರೆ ಸಾಲದು. ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ. ಪ್ರತಿ ಹಾಡನ್ನೂ ಬೇರೆ ಬೇರೆ ನಮೂದಿಸಬೇಕು: ಹಾಡಿನ ಹೆಸರು, ಜನ ಕರೆಯುವ ಇನ್ನೊಂದು ಹೆಸರು, ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಗಾಯಕರು, ಕಂಪನಿ, ಯಾರಿಗೆ ಎಷ್ಟು ಪಾಲು. ಸಾಮಾನ್ಯ ಲೆಕ್ಕ ಹೀಗಿರುತ್ತದೆ. ಹಕ್ಕು ಪಡೆದ ಕಂಪನಿಗೆ ಅರ್ಧ, ಉಳಿದ ಅರ್ಧದಲ್ಲಿ ಟ್ಯೂನ್ ಮಾಡಿದವರಿಗೂ ಸಾಹಿತ್ಯ ಬರೆದವರಿಗೂ ಸಮಪಾಲು. ಸಾವಿರ ರೂಪಾಯಿ ಬಂತು ಅಂತ ಇಟ್ಟುಕೊಳ್ಳಿ. ಕಂಪನಿಗೆ 500, ನಿಮಗೆ 250, ಸಾಹಿತಿಗೆ 250. ಎರಡೂ ನಿಮ್ಮದೇ ಆಗಿದ್ದರೆ ನಿಮಗೆ 500.

ಸೊಸೈಟಿಗೆ ನಿಮ್ಮ ಹಾಡು ಎಲ್ಲಿ ಬಂತು ಅಂತ ಗೊತ್ತಾಗುವುದು ಪಟ್ಟಿಗಳಿಂದ. ಎಫ್‌ಎಂನವರು ಹಾಕಿದ ಹಾಡುಗಳ ಲಾಗ್ ಕೊಡುತ್ತಾರೆ. ಟಿವಿ ಕಾರ್ಯಕ್ರಮಕ್ಕೆ ಕ್ಯೂ ಶೀಟ್, ಅಂದರೆ ಅದರಲ್ಲಿ ಬಳಸಿದ ಹಾಡುಗಳ ಪಟ್ಟಿ ಇರುತ್ತದೆ. ಆ್ಯಪ್‌ಗಳು ದೊಡ್ಡ ಡೇಟಾ ಫೈಲ್ ಕಳಿಸುತ್ತವೆ. ಅದರಲ್ಲಿರುವ ಹೆಸರು ಸೊಸೈಟಿಯಲ್ಲಿರುವ ಹೆಸರಿಗೆ ತಾಳೆಯಾಗಬೇಕು. ನಮ್ಮವರು ಎಡವುವುದೇ ಇಲ್ಲಿ. ಒಂದು ಹಾಡಿನಲ್ಲಿ ಬಸವರಾಜ, ಇನ್ನೊಂದರಲ್ಲಿ ಬಸು, ಮೂರನೆಯದರಲ್ಲಿ ಬಸು ಮ್ಯೂಸಿಕ್ ಧಾರವಾಡ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಜನ! ಒಂದೇ ಹೆಸರು, ಇಂಗ್ಲಿಷಿನಲ್ಲಿ ಒಂದೇ ಸ್ಪೆಲ್ಲಿಂಗ್, ಎಲ್ಲ ಕಡೆ. ಬೇರೆ ಹೆಸರುಗಳಿದ್ದರೆ ಅರ್ಜಿಯಲ್ಲಿ ಅವನ್ನೂ ಸೇರಿಸಿ. ರೆಕಾರ್ಡಿಂಗಿಗೆ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಅಂತ ಒಂದು ಕೋಡ್ ಇರುತ್ತದೆ. ಕಂಪನಿಯಿಂದ ಕೇಳಿ ಪಡೆದು ಅದನ್ನೂ ನಮೂದಿಸಿದರೆ ತಾಳೆ ಹಾಕುವುದು ಸುಲಭ. ಹಾಡು ಎಲ್ಲಿ, ಯಾವತ್ತು, ಯಾವ ಕಾರ್ಯಕ್ರಮದಲ್ಲಿ ಬಂತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹಾಗೆ ಬರೆದಿಟ್ಟ ಹುಡುಗರು ನಮ್ಮಲ್ಲಿದ್ದಾರೆ. ಸ್ಟೇಟ್‌ಮೆಂಟ್ ಬಂದಾಗ ಇದು ಯಾಕೆ ಬಿಟ್ಟುಹೋಗಿದೆ ಅಂತ ಅವರು ಕೇಳುವ ರೀತಿ ನೋಡಿದರೆ ನನಗೆ ಹೆಮ್ಮೆ ಅನ್ನಿಸುತ್ತದೆ.

ಎಫ್‌ಎಂ ಬಗ್ಗೆ ಒಂದು ಮಾತು. ರೆಕಾರ್ಡಿಂಗಿಗೆ ದುಡ್ಡು ಕೊಟ್ಟಿದ್ದೇವೆ, ಟ್ಯೂನಿಗೆ ಬೇರೆ ಯಾಕೆ ಅಂತ ರೇಡಿಯೋ ಕಂಪನಿಗಳು ವಾದಿಸುತ್ತಿದ್ದವು. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ 2012ರ ತಿದ್ದುಪಡಿಯನ್ನೇ ಹಿಡಿದು ಸೊಸೈಟಿಯ ಪರವಾಗಿ ಆದೇಶ ಕೊಟ್ಟಿತು. ನಿಮ್ಮ ಹಾಡು ಎಫ್‌ಎಂನಲ್ಲಿ ಬಂದಿದೆ ಅಂದಿರಲ್ಲ, ಅದನ್ನು ಹಗುರಾಗಿ ಬಿಡಬೇಡಿ.

ಎಲ್ಲ ಕಡೆಯಿಂದಲೂ ಬರುವುದಿಲ್ಲ. ಮದುವೆ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಬಾಕ್ಸ್ ಕಟ್ಟಿ ನಿಮ್ಮ ಹಾಡು ಹಾಕಿದರೆ ಖುಷಿಪಡಿ, ಅಷ್ಟೇ. 52ನೇ ಕಲಂ ಪ್ರಕಾರ ಮದುವೆಗೆ ಸೇರಿದ ಸಮಾರಂಭಗಳಿಗೆ, ನಿಜವಾದ ಧಾರ್ಮಿಕ ವಿಧಿಗಳಿಗೆ ವಿನಾಯಿತಿ ಇದೆ. ಟಿಕೆಟ್ ಇಟ್ಟು ಮಾಡುವ ರಸಮಂಜರಿಯ ಲೆಕ್ಕ ಬೇರೆ. ಅಲ್ಲಿ ಸಂಘಟಕರು ಲೈಸೆನ್ಸ್ ತೆಗೆದುಕೊಂಡು ಹಾಡುಗಳ ಪಟ್ಟಿ ಕೊಡಬೇಕು. ಎಷ್ಟು ಕಡೆ ಕೊಡುತ್ತಾರೆ ಅಂತ ನಿಮಗೇ ಗೊತ್ತು.

ಡಿಸ್ಟ್ರಿಬ್ಯೂಟರ್ ಮೂಲಕ ನೀವೇ ಆ್ಯಪ್‌ಗಳಿಗೆ ಹಾಡು ಹಾಕಿದ್ದರೆ, ಅಲ್ಲಿಂದ ಬರುವುದು ಸಾಮಾನ್ಯವಾಗಿ ರೆಕಾರ್ಡಿಂಗಿನ ದುಡ್ಡು. ಟ್ಯೂನಿನ ಪಾಲು ಅದರಲ್ಲಿ ಸೇರಿರುತ್ತದೆ ಅಂತ ಅಂದುಕೊಂಡು ಮರೆಯಬೇಡಿ. ಕಾಪಿರೈಟ್ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ಪಡೆಯುವ ಸರ್ಟಿಫಿಕೇಟ್ ಒಳ್ಳೆಯ ಸಾಕ್ಷಿ. ಅದರಿಂದ ಯಾರೂ ರೊಕ್ಕ ಕಳಿಸುವುದಿಲ್ಲ.

ಇದನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ಷರೀಫರ ಪದಕ್ಕೆ, ಬೇಂದ್ರೆಯವರ ಕವಿತೆಗೆ ರಾಗ ಹಾಕದ ಸಂಗೀತಗಾರರೇ ಕಡಿಮೆ. ಎರಡಕ್ಕೂ ಒಂದೇ ನಿಯಮ ಅಂತ ತಿಳಿಯಬೇಡಿ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಶಿಶುನಾಳ ಷರೀಫರು ತೀರಿಕೊಂಡಿದ್ದು 1889ರಲ್ಲಿ, ಅವರ ಪದಗಳು ಎಲ್ಲರ ಆಸ್ತಿ. ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಟ್ಯೂನ್ ನಿಮ್ಮದಾದರೂ ಅವರ ಮಾತು ಬಳಸಲು ಹಕ್ಕುದಾರರ ಒಪ್ಪಿಗೆ ಬೇಕು.

ಷರೀಫರ ವಿಷಯದಲ್ಲೂ ಒಂದು ಮುಳ್ಳಿದೆ. ಪದ ಹಳೆಯದು ಅಂದರೆ ಟ್ಯೂನೂ ಹಳೆಯದು ಅಂತಲ್ಲ. ಸಿ. ಅಶ್ವಥ್ ಅವರು ಕಟ್ಟಿದ ಟ್ಯೂನಿನಲ್ಲಿ ಷರೀಫರನ್ನು ಹಾಡಿದರೆ, ಆ ಟ್ಯೂನಿನ ಹಕ್ಕು ಇನ್ನೂ ಜೀವಂತ. ಅವರು ತೀರಿಕೊಂಡಿದ್ದು 2009ರಲ್ಲಿ, ಅಂದರೆ 2069ರವರೆಗೆ. ಊರಿನ ಭಜನಾ ಮಂಡಳಿಯಲ್ಲಿ ತಲೆಮಾರಿನಿಂದ ಬಂದ ಧಾಟಿಯಾದರೆ ಅದು ಯಾರೊಬ್ಬರದ್ದೂ ಅಲ್ಲ.

ಇದರ ತಿರುಗುಮುರುಗು ತಪ್ಪನ್ನೂ ನಮ್ಮವರೇ ಮಾಡುತ್ತಾರೆ. ಟ್ಯೂನ್ ಪೂರ್ತಿ ಸ್ವಂತದ್ದು, ರಾತ್ರಿಯೆಲ್ಲ ಕೀಬೋರ್ಡ್ ಮುಂದೆ ಕೂತು ಮಾಡಿದ್ದು. ಆದರೆ ಅಪ್‌ಲೋಡ್ ಮಾಡುವಾಗ ಸಂಗೀತದ ಜಾಗದಲ್ಲಿ "ಜಾನಪದ" ಅಂತ ಬರೆಯುತ್ತಾರೆ. ಹಾಡಿನ ಶೈಲಿ ಅದು, ನಿಜ. ಆದರೆ ಆ ಜಾಗ ಶೈಲಿ ಬರೆಯಲಿಕ್ಕಲ್ಲ. ಪಟ್ಟಿ ನೋಡಿದವರು ಇದು ಪರಂಪರೆಯ ಧಾಟಿ, ಇದಕ್ಕೆ ಸಂಯೋಜಕರಿಲ್ಲ ಅಂದುಕೊಳ್ಳುತ್ತಾರೆ. ನಿಮ್ಮ ಆ ಓಡುತ್ತಿರುವ ಹಾಡಿನ ಕೆಳಗೆ ಏನು ಬರೆದಿದೆ ಅಂತ ಇವತ್ತೇ ನೋಡಿ. "ಜಾನಪದ" ಅಂತ ಇದ್ದರೆ ಕಂಪನಿಗೆ ಹೇಳಿ ತಿದ್ದಿಸಿ, ಆಮೇಲೆ ಸೊಸೈಟಿಗೆ ಅರ್ಜಿ ಹಾಕಿ.