ಆನ್‌ಲೈನ್ ಆಟಕ್ಕೆ ಡೆಸ್ಕ್‌ಟಾಪ್: ಆಯ್ಕೆಯ ಲೆಕ್ಕ ಮಾನಿಟರ್‌ನಿಂದ ಆರಂಭವಾಗಲಿ

ಹೊಸ ಡೆಸ್ಕ್‌ಟಾಪ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು ಎಂದು. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2ರಂತಹ, ಎದುರಾಳಿಗಳೊಡನೆ ಸೆಣಸುವ ಆಟಗಳೇ ಮುಖ್ಯ ಉದ್ದೇಶವಾಗಿದ್ದರೆ ಈ ಪ್ರಶ್ನೆಯ ಸರದಿ ಮೂರನೆಯದೋ ನಾಲ್ಕನೆಯದೋ ಆಗಬೇಕು. ಮೊದಲು ಮಾನಿಟರ್, ಅನಂತರ ಪ್ರೊಸೆಸರ್ ಮತ್ತು ರ‍್ಯಾಮ್, ಆಮೇಲೆ ಕಾರ್ಡ್ ಎಂಬ ಕ್ರಮ ಏಕೆ ಸರಿ ಎಂಬುದನ್ನು ಈ ಟಿಪ್ಪಣಿಯಲ್ಲಿ ವಿವರಿಸಿದ್ದೇನೆ. ಒಬ್ಬರೇ ಕುಳಿತು ಆಡುವ, ಕಥೆ ಮತ್ತು ದೃಶ್ಯವೈಭವವೇ ಪ್ರಧಾನವಾದ ಆಟಗಳಿಗೆ ಈ ಕ್ರಮ ಹೊಂದುವುದಿಲ್ಲ. ಅಲ್ಲಿ ಹಣದ ದೊಡ್ಡ ಪಾಲು ಕಾರ್ಡಿಗೇ ಹೋಗುವುದು ನ್ಯಾಯ. ಬಿಡಿಭಾಗಗಳ ಬೆಲೆ ವಾರದಿಂದ ವಾರಕ್ಕೆ ಏರಿಳಿಯುವುದರಿಂದ ಇಲ್ಲಿ ರೂಪಾಯಿಯ ಅಂಕಿಗಳನ್ನು ಕೊಟ್ಟಿಲ್ಲ.

ಮಿಲಿಸೆಕೆಂಡುಗಳ ಲೆಕ್ಕ

60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಬಾರಿ ಚಿತ್ರವನ್ನು ಬದಲಿಸುತ್ತದೆ, ಅಂದರೆ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡು ಪರದೆಯ ಮೇಲೆ ನಿಂತಿರುತ್ತದೆ. 144 ಹರ್ಟ್ಸ್ ಆದರೆ 6.9, 240 ಹರ್ಟ್ಸ್ ಆದರೆ 4.2 ಮಿಲಿಸೆಕೆಂಡು. ವ್ಯಾಲರಂಟ್‌ನ ಸರ್ವರ್ ಸೆಕೆಂಡಿಗೆ 128 ಬಾರಿ, ಅಂದರೆ 7.8 ಮಿಲಿಸೆಕೆಂಡಿಗೊಮ್ಮೆ, ಆಟದ ಸ್ಥಿತಿಯನ್ನು ಲೆಕ್ಕಹಾಕುತ್ತದೆ. ಹೀಗಾಗಿ 60 ಹರ್ಟ್ಸ್ ಮಾನಿಟರ್ ಮುಂದೆ ಕುಳಿತವನು ಒಂದು ಚಿತ್ರವನ್ನು ನೋಡುತ್ತಿರುವಷ್ಟರಲ್ಲಿ ಸರ್ವರ್ ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ. ಮೂಲೆಯಿಂದ ಇಣುಕಿದ ಎದುರಾಳಿ ಕಣ್ಣಿಗೆ ಬೀಳುವ ಮೊದಲೇ ಅವನು ಹಾರಿಸಿದ ಗುಂಡಿನ ಲೆಕ್ಕ ಸರ್ವರಿನಲ್ಲಿ ಮುಗಿದಿರಬಹುದು. 60ರಿಂದ 144ಕ್ಕೆ ಏರಿದಾಗ ಸುಮಾರು 9.7 ಮಿಲಿಸೆಕೆಂಡು ಉಳಿತಾಯವಾದರೆ, 144ರಿಂದ 240ಕ್ಕೆ ಏರಿದಾಗ ಉಳಿಯುವುದು 2.8 ಮಾತ್ರ. ಆದ್ದರಿಂದ ವಿದ್ಯಾರ್ಥಿಯ ಜೇಬಿಗೆ 144ರಿಂದ 180 ಹರ್ಟ್ಸ್‌ವರೆಗಿನ, 1920×1080 ಪರದೆಯ ಮಾನಿಟರ್ ಸಾಕು ಎಂಬುದು ನನ್ನ ಅಭಿಪ್ರಾಯ. ಹೀಗೆ ಮಾನಿಟರ್ ಗೊತ್ತಾದ ಮೇಲೆ ಉಳಿದ ಯಂತ್ರದ ಮುಂದಿರುವ ಗುರಿ ಸ್ಪಷ್ಟವಾಗುತ್ತದೆ: ಪ್ರತಿ ಫ್ರೇಮನ್ನೂ, ಅಂದರೆ ಪರದೆಗೆ ಬರುವ ಒಂದೊಂದು ಚಿತ್ರವನ್ನೂ, 7 ಮಿಲಿಸೆಕೆಂಡಿನೊಳಗೆ ಸಿದ್ಧಪಡಿಸಬೇಕು.

ಫ್ರೇಮ್ ಸಿದ್ಧವಾಗುವ ಬಗೆ

ಒಂದು ಫ್ರೇಮಿನ ಹಿಂದೆ ಇಬ್ಬರ ಕೆಲಸವಿದೆ. ಸರ್ವರ್‌ನಿಂದ ಬಂದ ಸಂದೇಶ, ಮೌಸ್ ಮತ್ತು ಕೀಬೋರ್ಡಿನ ಸೂಚನೆ, ಯಾರು ಎಲ್ಲಿದ್ದಾರೆ ಎಂಬ ಲೆಕ್ಕಗಳನ್ನೆಲ್ಲ ಪ್ರೊಸೆಸರ್ ಮುಗಿಸಿ, ಏನನ್ನು ಬಿಡಿಸಬೇಕು ಎಂಬ ಪಟ್ಟಿಯನ್ನು ಕಾರ್ಡಿಗೆ ಕೊಡುತ್ತದೆ. ಕಾರ್ಡ್ ಆ ಪಟ್ಟಿಯಂತೆ ಪಿಕ್ಸೆಲ್ ಎಂಬ ಪರದೆಯ ಒಂದೊಂದು ಚುಕ್ಕೆಗೂ ಬಣ್ಣ ತುಂಬುತ್ತದೆ. ಚಪಾತಿ ಮಾಡುವಾಗ ಒಬ್ಬರು ಲಟ್ಟಿಸಿ ಕೊಟ್ಟು ಇನ್ನೊಬ್ಬರು ಕಾವಲಿಯ ಮೇಲೆ ಬೇಯಿಸುವ ಹಾಗೆ ಇದು. ಲಟ್ಟಿಸುವವರು ನಿಧಾನವಾದರೆ ಕಾವಲಿ ಎಷ್ಟು ದೊಡ್ಡದಿದ್ದರೂ ಖಾಲಿ ಕಾಯುತ್ತಿರಬೇಕಾಗುತ್ತದೆ.

ಪಿಕ್ಸೆಲ್‌ಗಳ ಸಂಖ್ಯೆ 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ, 2560×1440ರಲ್ಲಿ 36.9 ಲಕ್ಷ, 3840×2160ರಲ್ಲಿ 82.9 ಲಕ್ಷ. ಪಿಕ್ಸೆಲ್‌ಗಳು ಏರಿದಂತೆ ಹೆಚ್ಚುವುದು ಬಹುಮಟ್ಟಿಗೆ ಕಾರ್ಡಿನ ಕೆಲಸವೇ. ಪ್ರೊಸೆಸರ್ ಮಾಡುವ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪೈಪೋಟಿಯ ಆಟ ಆಡುವವರು ಕಡಿಮೆ ಪಿಕ್ಸೆಲ್‌ಗಳ ಪರದೆಯಲ್ಲಿ, ನೆರಳು ಹೊಗೆಗಳ ಗುಣಮಟ್ಟವನ್ನು ಬೇಕೆಂದೇ ತಗ್ಗಿಸಿ ಆಡುವುದರಿಂದ ಕಾರ್ಡಿನ ಹೊರೆ ಇಳಿದು, ಪ್ರೊಸೆಸರ್ ಎಷ್ಟು ಬೇಗ ಪಟ್ಟಿ ಕೊಡುತ್ತದೆ ಎಂಬುದೇ ನಿರ್ಣಾಯಕವಾಗುತ್ತದೆ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ದಾವಣಗೆರೆಯಲ್ಲಿ ಓದುತ್ತಿರುವ ನನ್ನ ಚಿಕ್ಕಮ್ಮನ ಮಗ ಆಟ ತಡವರಿಸುತ್ತಿದೆಯೆಂದು ಹೊಸ ಕಾರ್ಡ್ ಕೊಳ್ಳಲು ಹೊರಟಿದ್ದ. ಅದಕ್ಕೆ ಮುನ್ನ ಆಟದೊಳಗಿನ ರೆಸಲ್ಯೂಷನ್ ಅನ್ನು 1920×1080ರಿಂದ 1280×720ಕ್ಕೆ ಇಳಿಸಿ ನೋಡು ಎಂದೆ. ಬಿಡಿಸಬೇಕಾದ ಪಿಕ್ಸೆಲ್‌ಗಳು ಅರ್ಧಕ್ಕಿಂತ ಕಡಿಮೆಯಾದರೂ ಫ್ರೇಮುಗಳ ಸಂಖ್ಯೆ ಇದ್ದಲ್ಲಿಯೇ ಇತ್ತು. ಕಾರ್ಡ್ ನಿರಪರಾಧಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡವಾಯಿತು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಾಗ ಕಂಡದ್ದು ನಾಲ್ಕು ಸ್ಲಾಟುಗಳಲ್ಲಿ ಒಂದರಲ್ಲಿ ಮಾತ್ರ ಕೂತಿದ್ದ 16 ಜಿಬಿಯ ಒಂಟಿ ರ‍್ಯಾಮ್ ಕಡ್ಡಿ. ಡಿಡಿಆರ್4 ಎಂಬ ಬಗೆಯ, 3200 ವೇಗದ ಒಂದು ಕಡ್ಡಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಮಾಹಿತಿ ಸಾಗಿಸಬಲ್ಲದು; ಎರಡು ಕಡ್ಡಿಗಳನ್ನು ಎರಡು ಚಾನೆಲ್‌ಗಳಲ್ಲಿ ಕೂರಿಸಿದರೆ 51.2 ಜಿಬಿ. ಹಾಗಾಗಿ 16 ಜಿಬಿ ಬೇಕೆಂದಾಗ 8 ಜಿಬಿಯ ಜೋಡಿಯನ್ನೇ ಕೇಳಬೇಕು, ನಾಲ್ಕು ಸ್ಲಾಟಿನ ಬಹುಪಾಲು ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿಸಬೇಕು, ಮತ್ತು ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ) ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಚಾಲೂ ಮಾಡಬೇಕು. ಈ ಕೊನೆಯದನ್ನು ಮರೆತರೆ 3200ರ ರ‍್ಯಾಮ್ 2133 ಅಥವಾ 2666ರ ವೇಗದಲ್ಲಿಯೇ ಓಡುತ್ತಿರಬಹುದು. ತಮ್ಮನ ಕಂಪ್ಯೂಟರಿಗೆ ಎರಡನೆಯ ಕಡ್ಡಿ ಬಂದ ಮೇಲೆ ತಡವರಿಕೆ ನಿಂತಿತು, ಹಳೆಯ ಕಾರ್ಡೇ ಮುಂದುವರಿಯಿತು.

ತಡವರಿಕೆ ಎಂಬ ಮಾತು ಬಂದದ್ದರಿಂದ ಸರಾಸರಿಯ ಮೋಸವನ್ನೂ ತಿಳಿದಿರಬೇಕು. ಒಂದು ಸೆಕೆಂಡಿನಲ್ಲಿ ಯಂತ್ರ 100 ಫ್ರೇಮ್ ಕೊಟ್ಟಿತೆಂದು ಭಾವಿಸೋಣ. ಅವುಗಳಲ್ಲಿ 99 ಫ್ರೇಮುಗಳು ತಲಾ 9 ಮಿಲಿಸೆಕೆಂಡಿನಲ್ಲಿ ಸಿದ್ಧವಾದರೆ 891 ಮಿಲಿಸೆಕೆಂಡು ಕಳೆಯಿತು. ಉಳಿದ ಒಂದೇ ಒಂದು ಫ್ರೇಮ್ 109 ಮಿಲಿಸೆಕೆಂಡು ತಿಂದಿದೆ. ಸರಾಸರಿ 100 ಎಂದೇ ಬರುತ್ತದೆ, ಆದರೆ ಆಡುವವನಿಗೆ ಚಿತ್ರ ಗಕ್ಕನೆ ನಿಂತು ಹೊರಟ ಅನುಭವ. ವಿಮರ್ಶೆಗಳಲ್ಲಿ ‘1% ಲೋ’ ಎಂದು ಕೊಡುವ ಅಂಕಿ ಇಂತಹ ಅತಿ ನಿಧಾನದ ಫ್ರೇಮುಗಳನ್ನೇ ಅಳೆಯುತ್ತದೆ. ಎರಡು ಪ್ರೊಸೆಸರ್‌ಗಳನ್ನು ಹೋಲಿಸುವಾಗ ಸರಾಸರಿಗಿಂತ ಮೊದಲು ಕಣ್ಣು ಹೋಗಬೇಕಾದದ್ದು ಅಲ್ಲಿಗೆ.

ಪ್ರೊಸೆಸರ್, ಕಾರ್ಡ್ ಮತ್ತು ಹೆಸರಿನ ಬಾಲಾಕ್ಷರಗಳು

ಪ್ರೊಸೆಸರ್ ವಿಷಯದಲ್ಲಿ ಕೋರ್‌ಗಳ ಸಂಖ್ಯೆಯಷ್ಟೇ ಕ್ಯಾಶ್, ಅಂದರೆ ಪ್ರೊಸೆಸರ್ ಒಳಗೇ ಇರುವ ಅತಿ ವೇಗದ ಚಿಕ್ಕ ಸ್ಮೃತಿ, ಕೂಡ ಮುಖ್ಯ. ಎಎಂಡಿ ಕಂಪನಿಯ ರೈಜನ್ 5 5600 ಮತ್ತು 5600ಜಿ ಎರಡರಲ್ಲಿಯೂ 6 ಕೋರ್, 12 ಥ್ರೆಡ್ ಇವೆ. ಮೊದಲನೆಯದರ ಎಲ್3 ಕ್ಯಾಶ್ 32 ಎಂಬಿ, ಎರಡನೆಯದರದು 16 ಎಂಬಿ. ಪ್ರತ್ಯೇಕ ಕಾರ್ಡ್ ಹಾಕಿ ಆಡುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. 2022ರ ಏಪ್ರಿಲ್‌ನಲ್ಲಿ ಬಂದ 5800ಎಕ್ಸ್3ಡಿ ಇದೇ ಕ್ಯಾಶನ್ನು 96 ಎಂಬಿಗೆ ಏರಿಸಿ, ಗಡಿಯಾರದ ವೇಗ ತನ್ನ ಹಿಂದಿನದಕ್ಕಿಂತ ಕಡಿಮೆಯಿದ್ದರೂ ಆಟಗಳಲ್ಲಿ ಅದನ್ನು ಹಿಂದಿಕ್ಕಿತು. ಜಿ ಅಕ್ಷರವಿದ್ದರೆ ಒಳಗೇ ಗ್ರಾಫಿಕ್ಸ್ ಇರುತ್ತದೆ. ಸದ್ಯಕ್ಕೆ ಕಾರ್ಡ್ ಕೊಳ್ಳಲಾಗದವರು ಅಂತಹದನ್ನು ತೆಗೆದುಕೊಂಡು ಕಡಿಮೆ ಗುಣಮಟ್ಟದಲ್ಲಿ ಆಡುತ್ತ ಕಾಯಬಹುದು. ಇಂಟೆಲ್‌ನ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲವೆಂದು ಅರ್ಥ, ಕಾರ್ಡ್ ಇಲ್ಲದೆ ಪರದೆಯೇ ಬೆಳಗುವುದಿಲ್ಲ. ಮುಂದೆ ಪ್ರೊಸೆಸರ್ ಬದಲಿಸುವ ಯೋಚನೆಯಿದ್ದರೆ, ಎಎಂಡಿ ಪ್ರೊಸೆಸರ್ ಕೂರಿಸುವ ಹಳೆಯ ಬಗೆಯ ಎಎಂ4 ಬೋರ್ಡಿಗಿಂತ, ಡಿಡಿಆರ್5 ಮಾತ್ರ ಒಪ್ಪುವ ಎಎಂ5 ಬೋರ್ಡಿಗೆ ಹೆಚ್ಚಿನ ಹಣ ಕೊಡುವುದು ಲೇಸು.

ಕಾರ್ಡಿನ ಬಗ್ಗೆ ಹೇಳಬೇಕಾದದ್ದು ಕಡಿಮೆ. ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 4060ರಂತಹ 8 ಜಿಬಿಯ ಕಾರ್ಡ್ 1920×1080ರ ಪೈಪೋಟಿಯ ಆಟಗಳಿಗೆ ಸಾಕು. ಆರ್‌ಎಕ್ಸ್ 6500 ಎಕ್ಸ್‌ಟಿ ಮಾತ್ರ ಬೇಡ. ಬೋರ್ಡಿನೊಡನೆ ಮಾಹಿತಿ ಸಾಗಿಸಲು ನಾಲ್ಕೇ ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳನ್ನು ಬಳಸುವ ಅದು ಹಳೆಯ ಬೋರ್ಡಿನಲ್ಲಿ ಅರ್ಧ ಕೊಳವೆಯಲ್ಲಿ ನೀರೆಳೆದಂತೆ ಒದ್ದಾಡುತ್ತದೆ.

ಎಸ್‌ಎಂಪಿಎಸ್‌ನ ಚೀಟಿ

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಕೊಟೇಶನ್ ಬರೆಸಿಕೊಂಡಾಗ, ಉಳಿದ ಭಾಗಗಳಿಗೆಲ್ಲ ಮಾಡೆಲ್ ಹೆಸರಿದ್ದು ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಮುಂದೆ ಬರೀ ‘450 ವ್ಯಾಟ್’ ಎಂದಿದ್ದರೆ ಅಲ್ಲಿಯೇ ನಿಲ್ಲಬೇಕು. ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ ಚೀಟಿಯಲ್ಲಿ 12 ವೋಲ್ಟ್ ಎಂಬ ಕಂಬದ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ, ಎರಡನ್ನೂ ಗುಣಿಸಿ. ನನ್ನ ಮೊದಲ ಕಂಪ್ಯೂಟರಿನ 450 ವ್ಯಾಟ್ ಪೆಟ್ಟಿಗೆಯ ಮೇಲೆ 16 ಆಂಪಿಯರ್ ಎಂದಿತ್ತು, ಅಂದರೆ 192 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಉಣ್ಣುವುದು ಆ 12 ವೋಲ್ಟಿನ ಸಾಲಿನಿಂದಲೇ. 115 ವ್ಯಾಟಿನ 4060 ಮತ್ತು 65 ವ್ಯಾಟ್ ದರ್ಜೆಯ ಪ್ರೊಸೆಸರ್ ಇರುವ ಯಂತ್ರಕ್ಕೆ ಒಳ್ಳೆಯ ಕಂಪನಿಯ, 80 ಪ್ಲಸ್ ಎಂಬ ದಕ್ಷತೆಯ ಪ್ರಮಾಣಪತ್ರವಿರುವ 550 ವ್ಯಾಟ್ ಧಾರಾಳವಾಯಿತು. ಕರೆಂಟು ಹೋಗುವ ಊರಿನವರು ಯುಪಿಎಸ್ ಕೊಳ್ಳುವಾಗ ರೌಟರನ್ನೂ ಅದಕ್ಕೇ ಜೋಡಿಸಲಿ. ಕಂಪ್ಯೂಟರ್ ಉಳಿದು ಇಂಟರ್‌ನೆಟ್ ಸತ್ತರೆ ಪಂದ್ಯ ಬಿಟ್ಟುಹೋದ ದಂಡ ತಪ್ಪುವುದಿಲ್ಲ.

ಹಣ ಕೊಟ್ಟರೂ ಇಳಿಯದ ಪಿಂಗ್

ಸಂದೇಶ ಸರ್ವರ್ ತಲುಪಿ ಮರಳಿ ಬರಲು ಹಿಡಿಯುವ ಸಮಯವೇ ಪಿಂಗ್. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ನೇರ ದೂರ ಸುಮಾರು 850 ಕಿಲೋಮೀಟರ್ ಆದ್ದರಿಂದ ಹೋಗಿಬರಲು 8 ಮಿಲಿಸೆಕೆಂಡಿಗಿಂತ ಕಡಿಮೆ ಆಗಲಾರದು. ಸಿಂಗಪುರವಾದರೆ 30ಕ್ಕೂ ಹೆಚ್ಚು. ನಿಜವಾದ ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ಅಂಕಿ ಇನ್ನೂ ಏರುತ್ತದೆ. ಯಾವ ಕಾರ್ಡೂ ಇದನ್ನು ತಗ್ಗಿಸದು. ಮೇಲೆ ಹೇಳಿದ ಎರಡೂ ಆಟಗಳಿಗೆ ಮುಂಬೈಯಲ್ಲಿ ಸರ್ವರ್ ಇದೆ, ಆಯ್ಕೆ ಕೊಟ್ಟಾಗ ಅದನ್ನೇ ಆರಿಸಿಕೊಳ್ಳಬೇಕು. ಮನೆಯೊಳಗಿನ ದೋಷ ಪತ್ತೆಮಾಡಲು ಕಮಾಂಡ್ ಪ್ರಾಂಪ್ಟಿನಲ್ಲಿ ರೌಟರಿನ ವಿಳಾಸಕ್ಕೆ, ಅನೇಕ ಮನೆಗಳಲ್ಲಿ ಅದು 192.168.1.1, ಪಿಂಗ್ ಕಳಿಸಿ ನೋಡಿ. ಪಕ್ಕದ ಕೋಣೆಯ ರೌಟರೇ ಒಮ್ಮೆ 2, ಒಮ್ಮೆ 60 ಎಂದು ಉತ್ತರಿಸುತ್ತಿದ್ದರೆ ತಪ್ಪು ವೈಫೈನದು. ಒಂದು ಲ್ಯಾನ್ ಕೇಬಲ್ ಎಳೆದರೆ ಮುಗಿಯಿತು.

ಹಳೆಯ ಆಫೀಸ್ ಕಂಪ್ಯೂಟರನ್ನು ಅಗ್ಗಕ್ಕೆ ತಂದು ಕಾರ್ಡ್ ಸೇರಿಸುವ ಉಪಾಯ ಒಂದು ಕಾಲಕ್ಕೆ ಚೆನ್ನಾಗಿತ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡೂ ಭದ್ರತಾ ವ್ಯವಸ್ಥೆಗಳು ಯಂತ್ರದಲ್ಲಿರಬೇಕು. ಆದ್ದರಿಂದ ಇಂಟೆಲ್‌ನ 8ನೆಯ ಪೀಳಿಗೆಗಿಂತ ಹಳೆಯದನ್ನು ಈಗ ಮುಟ್ಟದಿರುವುದೇ ಕ್ಷೇಮ.

ಯಂತ್ರ ಮನೆಗೆ ಬಂದ ದಿನ ಎರಡು ಕೆಲಸಗಳು ಉಳಿದಿರುತ್ತವೆ. ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಕಿಂಡಿಗೆ ಹೋಗದೆ ಕೆಳಗಿರುವ ಕಾರ್ಡಿನ ಡಿಸ್‌ಪ್ಲೇಪೋರ್ಟಿಗೇ ಹೋಗಿದೆಯೇ ನೋಡಬೇಕು. ಆಮೇಲೆ ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟ ತೆರೆದು ರಿಫ್ರೆಶ್ ರೇಟ್ ಎದುರಿನ ಅಂಕಿಯನ್ನು ಓದಬೇಕು. ಹೊಸ 144 ಹರ್ಟ್ಸ್ ಮಾನಿಟರ್ ಜೋಡಿಸಿದ ಮೇಲೂ ಅಲ್ಲಿ ಬಹಳಷ್ಟು ಸಲ 60 ಎಂದೇ ಇರುತ್ತದೆ.